ದೊಡ್ಡ ಪೀಠಕ್ಕೆ ಒಂದು ಹೆಸರು

ಕೂಮ್ ಗ್ರೀಗ್,
ಏಪ್ರಿಲ್ ೨೦, ಸೋಮವಾರ

ಪ್ರೀತಿಯ ಮಾರೆಡ್,

ನಿನ್ನೆ ಸಂಜೆ ನೀನು ಫೋನ್ ಮಾಡಿ, "ಏನಾಯ್ತಮ್ಮಾ, ಚಾಪೆಲ್ ಉಳೀತಾ, ಇಲ್ವಾ, ಒಂದೇ ಮಾತಲ್ಲಿ ಹೇಳ್ಬಿಡು" ಎಂದಾಗ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಫೋನ್ ಇಟ್ಟುಬಿಟ್ಟೆ. ಹಾಲೂ ಇರಲಿಲ್ಲ, ಏನೂ ಇರಲಿಲ್ಲ. ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಫೋನಿನಲ್ಲಿ ಶುರು ಮಾಡಿದರೆ ನೀನು ನಡುವೆ ನಗುತ್ತೀಯ, ನಿನ್ನ ನಗು ಕೇಳಿ ನನಗೂ ನಗು ಬಂದು ಮುಖ್ಯವಾದದ್ದೇ ಬಾಯಲ್ಲಿ ಉಳಿದುಬಿಡುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕೊನೆಯ ಪುಟ ಮೊದಲು ನೋಡುವ ಚಾಳಿ ನಿನಗಿದೆ, ಈ ಸಲ ಬೇಡ. ನಿನ್ನ ಅಮ್ಮ ಕೈ ನೋಯಿಸಿಕೊಂಡು ಬರೆದದ್ದನ್ನು ಸಾಲಾಗಿ ಓದು.

ನಾನು ಚೆನ್ನಾಗಿದ್ದೇನೆ. ಮೊಣಕಾಲು ಮೊದಲಿನ ಹಾಗೇ ಇದೆ. ಹಿತ್ತಲಿನ ಗೂಸ್‌ಬೆರಿ ಗಿಡ ಚಿಗುರಿದೆ.

ಗ್ವಿಲಿಮ್ ತಾತನ ಮಣ್ಣಿಗೆ ಜನವರಿಯಲ್ಲಿ ನೀನೇ ಬಂದಿದ್ದೆಯಲ್ಲ. ಅವರೊಂದಿಗೆ ನಮ್ಮ ರೆಹೋಬೋತ್ ಚಾಪೆಲಿನ ಕೊನೆಯ ಹಿರಿಯರೂ ಹೋದಂತಾಯಿತು. ಪ್ರಸಂಗ ವೇದಿಕೆಯ ಕೆಳಗಿನ ದೊಡ್ಡ ಪೀಠ ನಿನಗೆ ನೆನಪಿದೆ. ನೀನು ಚಿಕ್ಕವಳಿದ್ದಾಗ ಏಳು ಜನ ಹಿರಿಯರು ಅಲ್ಲಿ ಸಾಲಾಗಿ ಕೂತು, ಯಾರು ತೂಕಡಿಸುತ್ತಾರೆ, ಯಾರ ಮಗಳು ಮಿಸುಕಾಡುತ್ತಾಳೆ ಎಂದು ನಮ್ಮನ್ನೇ ನೋಡುತ್ತಿದ್ದರು. ಆ ಪೀಠ ಪೂರ್ತಿ ಖಾಲಿ ಬಿತ್ತು. ಹಿರಿಯರೇ ಇಲ್ಲದ ಸಭೆಯನ್ನು ನಮ್ಮ ಪಂಗಡ ಸಭೆ ಎಂದು ಒಪ್ಪುವುದಿಲ್ಲ. ಏಪ್ರಿಲ್ ಮುಗಿಯುವುದರೊಳಗೆ ಒಬ್ಬರನ್ನಾದರೂ ಆರಿಸಿಕೊಳ್ಳಿ, ಇಲ್ಲವಾದರೆ ರೆಹೋಬೋತಿಗೆ ಬೀಗ ಹಾಕಿ ಇಪ್ಪತ್ತೆರಡು ಜನರೂ ಪೇಟೆಯ ಚಾಪೆಲಿಗೆ ಸೇರಿಕೊಳ್ಳಿ ಎಂದು ಜಿಲ್ಲಾ ಮಂಡಲಿಯವರು ತಿಳಿಸಿದರು. ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಇದೆ, ಹೀಟರ್ ಇದೆ, ಕುರ್ಚಿಗೆ ಮೆತ್ತೆ ಇದೆ ಎಂದು ನೀನು ಹೇಳಿದೆ. ಎಲ್ಲವೂ ನಿಜ. ಆದರೆ ಭಾನುವಾರ ಬೆಳಿಗ್ಗೆ ಟೋಪಿ ಹಾಕಿಕೊಂಡು ಇಳಿಜಾರಿನಲ್ಲಿ ನಡೆದು ಹೋಗುವ ಸುಖ ಆ ಮೆತ್ತೆಯಲ್ಲಿ ಇಲ್ಲ. ಈ ಬಾಗಿಲು ಮುಚ್ಚಿದರೆ ನಮ್ಮಲ್ಲಿ ಅರ್ಧಕ್ಕರ್ಧ ಜನ ಇನ್ನೆಲ್ಲಿಗೂ ಹೋಗುವುದಿಲ್ಲ, ಮನೆಯಲ್ಲೇ ಉಳಿದುಬಿಡುತ್ತಾರೆ ಎಂಬುದೂ ನನಗೆ ಗೊತ್ತಿತ್ತು.

ಒಬ್ಬರನ್ನು ಆರಿಸುವುದು ಅದೇನು ಮಹಾ ಎನ್ನುತ್ತೀಯ. ನಮ್ಮ ಕ್ರಮ ನಿನಗೆ ಮರೆತಿರಬಹುದು. ಅಭ್ಯರ್ಥಿ ಅಂತ ಯಾರೂ ಇರುವುದಿಲ್ಲ. ಮಂಡಲಿಯಿಂದ ಇಬ್ಬರು ಬಂದು ಖಾಲಿ ಚೀಟಿ ಹಂಚುತ್ತಾರೆ. ನಾವು ಮನಸ್ಸಿಗೆ ಬಂದ ಹೆಸರು ಬರೆದು, ಮಡಿಸಿ ಕೊಡುತ್ತೇವೆ. ಮೂರರಲ್ಲಿ ಎರಡು ಪಾಲು ಚೀಟಿಗಳಲ್ಲಿ ಯಾರ ಹೆಸರಿದೆಯೋ ಅವರ ಹೆಸರನ್ನಷ್ಟೇ ಗಟ್ಟಿಯಾಗಿ ಓದುತ್ತಾರೆ. ಎಷ್ಟು ಬಂತು, ಇನ್ಯಾರಿಗೆ ಬಂತು ಎಂಬುದನ್ನು ಯಾರಿಗೂ ಹೇಳದೆ ಚೀಟಿಗಳನ್ನು ಒಲೆಗೆ ಹಾಕಿಬಿಡುತ್ತಾರೆ. ನನಗೆ ಬೇಕು ಎಂದು ಯಾರೂ ಬಾಯಿ ಬಿಡುವಂತಿಲ್ಲ. ಹಾಗಂತ ಯಾವ ನಿಯಮದಲ್ಲೂ ಇಲ್ಲ, ಆದರೂ ಅದು ಎಲ್ಲ ನಿಯಮಗಳಿಗಿಂತ ಗಟ್ಟಿ. ಅಂಚೆಯ ಹೂವೆಲ್ ಒಮ್ಮೆ ಕುರಿ ಸಂತೆಯಲ್ಲಿ, "ನಾನೇನಾದ್ರೂ ಹಿರಿಯನಾದ್ರೆ ಮೊದ್ಲು ಆ ಕಿಟಕಿ ರಿಪೇರಿ ಮಾಡಿಸ್ತೀನಿ" ಅಂದನಂತೆ. ಅಷ್ಟಕ್ಕೇ ಅವನು ಸಾಯುವ ತನಕ ಅವನ ಹೆಸರನ್ನು ಯಾರೂ ಬರೆಯಲಿಲ್ಲ. ಕಿಟಕಿಯೂ ಹಾಗೇ ಉಳಿಯಿತು.

ಇದರ ನಡುವೆ ದೇಶದ ಚುನಾವಣೆ ಬಂತು. ಊರಿನ ಸಭಾಭವನದ ಮಾಡು ಸೋರಿ ಬೀಗ ಹಾಕಿದ್ದರಿಂದ, ನಾಲ್ಕು ಅಭ್ಯರ್ಥಿಗಳ ಚರ್ಚೆಗೆ ನಿಮ್ಮ ಚಾಪೆಲ್ ಕೊಡುತ್ತೀರಾ ಎಂದು ಊರಿನವರು ಕೇಳಿದರು. ನಮ್ಮ ಪಾಸ್ಟರ್ ಪಾರಿಯವರು ಎಂಟು ಚಾಪೆಲುಗಳ ನಡುವೆ ಓಡಾಡುವವರು, ಯಾವುದಕ್ಕೂ ಬೇಡ ಎನ್ನಲು ಅವರಿಗೆ ಪುರುಸೊತ್ತಿಲ್ಲ. ನಮ್ಮನ್ನು ಕೇಳಿದರು. ಕುರಿ ಸಾಕುವ ಬೆರ್ವಿನ್, "ಅವ್ರ ಜಗಳಾನ ಇಲ್ಲಿಗ್ಯಾಕೆ ತರ್ತೀರಿ, ದೇವ್ರಿಗೆ ಅದೊಂದು ತಲೆನೋವು ಕಮ್ಮಿ ಆಗಿತ್ತಾ" ಎಂದ. ಆಗ ನಮ್ಮ ಟೆಗ್ವೆನ್ ಎದ್ದು, "ಹೇಗೂ ಸುಳ್ಳು ಹೇಳ್ತಾರೆ, ಇಲ್ಲೇ ಬಂದು ಹೇಳ್ಲಿ ಬಿಡಿ, ಸ್ವಲ್ಪನಾದ್ರೂ ನಾಚ್ಕೆ ಆಗುತ್ತೆ" ಎಂದಳು. ಎಲ್ಲರೂ ನಕ್ಕು ಒಪ್ಪಿದೆವು. ನಿನ್ನ ಟೆಗ್ವೆನ್ ಆಂಟಿ ನಲವತ್ತು ವರ್ಷದಿಂದ ನನ್ನ ಬೆಂಚಿನಲ್ಲಿ ನನ್ನ ಎಡಕ್ಕೇ ಕೂರುತ್ತಾಳೆ. ಆ ದಿನವೂ ಪಕ್ಕದಲ್ಲೇ ಇದ್ದಳು, ನನ್ನ ಮೊಣಕೈ ತಿವಿದು ನಗುತ್ತಿದ್ದಳು.

ಮಾರ್ಚ್ ಕೊನೆಯ ಗುರುವಾರ ಸಂಜೆ ಚಾಪೆಲ್ ತುಂಬಿತು. ಮಹಡಿಯ ಮೇಲೂ ಜನ. ಈಸ್ಟರಿಗೂ ಕ್ರಿಸ್‌ಮಸ್ಸಿಗೂ ಕಾಣದ ಮುಖಗಳೆಲ್ಲ ಬಂದಿದ್ದವು. ಅಭ್ಯರ್ಥಿಗಳಿಗೆ ದೊಡ್ಡ ಪೀಠದ ಕಟಕಟೆಯ ಹೊರಗೆ, ನೆಲದ ಮೇಲೆ ನಾಲ್ಕು ಕುರ್ಚಿ ಹಾಕಿದ್ದೆವು. ಮೂವರು ಬಂದು ತಮ್ಮ ಪಾಡಿಗೆ ಕೂತರು. ನಾಲ್ಕನೆಯವನು ಹೊಸ ಪಕ್ಷದವನು, ಎತ್ತರದ ಆಳು, ನೀಲಿ ಸೂಟು. ಸುತ್ತ ನೋಡಿದ, ಕಟಕಟೆಯ ಪುಟ್ಟ ಬಾಗಿಲು ತೆರೆದ, ಒಳಗೆ ಹೋಗಿ ದೊಡ್ಡ ಪೀಠದ ನಟ್ಟ ನಡುವೆ, ಗ್ವಿಲಿಮ್ ತಾತನ ಜಾಗದಲ್ಲೇ, ಕಾಲ ಮೇಲೆ ಕಾಲು ಹಾಕಿ ಕೂತುಬಿಟ್ಟ. ಅವನಿಗೇನು ಗೊತ್ತು ಪಾಪ. ನಮ್ಮವರಲ್ಲಿ ಒಬ್ಬರೂ ಏಳಿ ಎನ್ನಲಿಲ್ಲ, ನಾವು ಹಾಗೆಲ್ಲ ಹೇಳುವವರೇ ಅಲ್ಲ. ಸುಮ್ಮನೆ ನೋಡಿದೆವು. ಕೊನೆಗೆ ಬೆರ್ವಿನ್ ಮೆಲ್ಲಗೆ, "ಅಲ್ಲಿ ಗಾಳಿ ಬೀಸುತ್ತೆ ಸಾರ್, ಇತ್ಲಾಗೆ ಬನ್ನಿ" ಎಂದ. ಅವನು ನಗುತ್ತಾ, "ಪರ್ವಾಗಿಲ್ಲ, ನಂಗೆ ಗಾಳಿ ಅಂದ್ರೆ ಇಷ್ಟ" ಎಂದು ಇನ್ನಷ್ಟು ಹಿಂದಕ್ಕೆ ಒರಗಿದ.

ಒಬ್ಬೊಬ್ಬರಿಗೂ ಎರಡೆರಡು ನಿಮಿಷ ಎಂದು ನಿಗದಿಯಾಗಿತ್ತು. ಸಮಯ ನೋಡುವ ಕೆಲಸ ನನ್ನದು. ಅಡುಗೆಕೋಣೆಯಲ್ಲಿ ಮೊಟ್ಟೆ ಬೇಯಿಸುವಾಗ ಇಡುವ ಪುಟ್ಟ ಗಂಟೆ ತಂದು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದೆ. ಮೊದಲನೆಯ ಹೆಂಗಸು ಆಸ್ಪತ್ರೆಯ ಬಗ್ಗೆ ಮಾತಾಡಿದಳು. ಎರಡನೆಯವನು, ಹೊರಗಿನವರು ರಜಕ್ಕೆಂದು ಕೊಂಡು ಚಳಿಗಾಲವಿಡೀ ಕತ್ತಲಲ್ಲಿ ಬಿಡುವ ಮನೆಗಳ ಬಗ್ಗೆ ಹೇಳಿದ. ಅವನಿಗೆ ನಾನು ಮತ ಹಾಕುವುದು ನಿನಗೆ ಗೊತ್ತೇ ಇದೆ. ಮೂರನೆಯವನು ತನ್ನ ಅಜ್ಜಿ ಯಾವ ಚಾಪೆಲಿನವಳು ಎಂದು ಹೇಳುವುದರಲ್ಲೇ ಸಮಯ ಕಳೆದ. ಅಜ್ಜಿ ಒಳ್ಳೆಯವಳಿರಬೇಕು. ನೀಲಿ ಸೂಟಿನವನು ಎದ್ದು ನಿಂತು ನಾನು ಇದನ್ನು ತಂದೆ, ನಾನು ಅದನ್ನು ಮಾಡಿಸಿದೆ, ನನ್ನಂಥವನು ನಿಮಗೆ ಬೇಕು ಎಂದ. ಅಲ್ಲ, ತನ್ನನ್ನು ತಾನೇ ಹೊಗಳಿಕೊಳ್ಳಲು ಮನುಷ್ಯನಿಗೆ ನಾಲಗೆ ಹೇಗಾದರೂ ಹೊರಳುತ್ತದೆ ಎಂದು ನನಗೆ ಮೈಯೆಲ್ಲ ಉರಿಯಿತು. ನಾಲ್ವರೂ ಅದನ್ನೇ ಮಾಡುತ್ತಿದ್ದರು ಅನ್ನು. ನಮ್ಮ ಕಡೆಯವನದ್ದು ಆಗ ನನಗೆ ಕೇಳಿಸಿರಲಿಲ್ಲ.

ಆಮೇಲೆ ಮಹಡಿಯಿಂದ ಯಾರೋ ಹಳೆಯ ಬ್ಯಾಂಕಿನ ಮನೆಯ ಬಗ್ಗೆ ಕೇಳಿದರು. ಬ್ಯಾಂಕು ಮುಚ್ಚಿದ ಮೇಲೆ ಆ ಕಟ್ಟಡಕ್ಕೆ ಎರಿಟ್ರಿಯಾದಿಂದ ತಪ್ಪಿಸಿಕೊಂಡು ಬಂದ ತಾಯಿ ಮತ್ತು ಅವಳ ಇಬ್ಬರು ಹೆಣ್ಣುಮಕ್ಕಳನ್ನು ತಂದಿರಿಸಿದ್ದಾರೆ ಎಂದು ಬರೆದಿದ್ದೆನಲ್ಲ. ನಮ್ಮ ಮಕ್ಕಳಿಗೇ ಮನೆ ಇಲ್ಲದಿರುವಾಗ ಇದು ಸರಿಯೇ ಎಂಬುದು ಪ್ರಶ್ನೆ. ನೀಲಿ ಸೂಟು, ಮೊದಲು ನಮ್ಮವರು, ಆಮೇಲೆ ಮಿಕ್ಕವರು ಎಂದಿತು. ಅದಕ್ಕೆ ಬೈಬಲಿನ ಅರ್ಧ ವಚನವನ್ನೂ ಅಂಟಿಸಿತು, ಉಳಿದರ್ಧ ಅವನಿಗೆ ಬೇಕಾಗಿರಲಿಲ್ಲ. ನನ್ನ ಎಡಗಡೆಯಿಂದ ಚಪ್ಪಾಳೆ ಕೇಳಿಸಿತು. ತಿರುಗಿ ನೋಡಿದರೆ ಟೆಗ್ವೆನ್. ಆ ಕ್ಷಣಕ್ಕೇ ನನ್ನ ಮಡಿಲ ಗಂಟೆ ಬಡಿಯಿತು. ಇನ್ನೂ ಸಮಯ ಇತ್ತಲ್ಲ ಎಂದು ಅವನು ಕೈಗಡಿಯಾರ ತೋರಿಸಿದ. ಗಂಟೆ ತಾನಾಗಿಯೇ ಬಡಿಯಿತೋ, ನನ್ನ ಹೆಬ್ಬೆರಳು ತಾಗಿತೋ ದೇವರಿಗೇ ಗೊತ್ತು. ನನಗೂ ಸ್ವಲ್ಪ ಗೊತ್ತು.

ಆಮೇಲೆ ಹಿಂದಿನ ಕೋಣೆಯಲ್ಲಿ ಚಹಾ ಕೊಡುವಾಗ ಟೆಗ್ವೆನ್ ನನ್ನ ಮುಂದೆ ಬಂದು ನಿಂತಳು. "ನೆಸ್ಟಾ, ನಿನ್ನ ಗಂಟೆಗೂ ಒಂದು ಪಕ್ಷ ಇದೆ ಅಂತ ನಂಗೆ ಗೊತ್ತಿರ್ಲಿಲ್ಲ ನೋಡು" ಎಂದಳು. "ನಿನ್ನ ಅಂಗೈಗೂ ಒಂದು ಪಕ್ಷ ಇದೆ ಅಂತ ನಂಗೂ ಇವತ್ತೇ ಗೊತ್ತಾಗಿದ್ದು" ಎಂದೆ. ಅವಳು ತಾನು ತಂದಿದ್ದ ಒಣದ್ರಾಕ್ಷಿ ಬ್ರೆಡ್ಡಿನಲ್ಲಿ ಉಳಿದರ್ಧವನ್ನು ಬಟ್ಟೆಯಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡು ಹೊರಟುಹೋದಳು. ತಂದ ಬ್ರೆಡ್ಡನ್ನು ಅವಳು ಮನೆಗೆ ವಾಪಸ್ ಒಯ್ದದ್ದನ್ನು ನಾನು ಅದೇ ಮೊದಲು ನೋಡಿದ್ದು. ಎಲ್ಲರೂ ನೋಡಿದರು.

ಮಾರನೆಯ ದಿನ ಕಿಟಕಿಯ ಪರದೆ ಸರಿಸಿದರೆ ಕಂಡದ್ದೇನು ಗೊತ್ತೇ? ಟೆಗ್ವೆನ್ ಎರಡೂ ಕೈಯಲ್ಲಿ ದೊಡ್ಡ ಪಾತ್ರೆ ಹಿಡಿದುಕೊಂಡು, ಕುರಿ ಮಾಂಸ ಮತ್ತು ಲೀಕ್ ಸೊಪ್ಪು ಹಾಕಿದ ಸಾರು ತುಳುಕದಂತೆ, ಹೆಜ್ಜೆ ಹೆಜ್ಜೆಯಾಗಿ ಹಳೆಯ ಬ್ಯಾಂಕಿನ ಮನೆಗೆ ಹೋಗುತ್ತಿದ್ದಳು. ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಕೇಳಿದ್ದರೆ, ಅದು ಬೇರೆ ಇದು ಬೇರೆ ಎನ್ನುತ್ತಿದ್ದಳು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸಲೀಸಾಗುತ್ತಿತ್ತು. ಆ ತಾಯಿಯ ಪರವಾಗಿ ನಾನೂ ನನ್ನ ಪಕ್ಷದವರೂ ಎಷ್ಟು ಚೆಂದವಾಗಿ ಮಾತಾಡುತ್ತೇವೆ, ಆದರೆ ಅವರ ಬಾಗಿಲನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ತಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಮೂರು ಭಾನುವಾರ, ಈಸ್ಟರ್ ದಿನವೂ ಸೇರಿ, ನಾವಿಬ್ಬರೂ ಅದೇ ಬೆಂಚಿನಲ್ಲಿ ಮಾತಿಲ್ಲದೆ ಕೂತೆವು. ಬೆಂಚು ಬದಲಾಯಿಸುವ ಯೋಚನೆ ಇಬ್ಬರಿಗೂ ಬರಲಿಲ್ಲ. ಪ್ರಸಂಗ ಶುರುವಾಗುತ್ತಿದ್ದಂತೆ ಅವಳು ಪೆಪ್ಪರಮಿಂಟಿನ ಪೊಟ್ಟಣ ನನ್ನ ಕಡೆ ಚಾಚುತ್ತಿದ್ದಳು, ಮುಖ ಮಾತ್ರ ವೇದಿಕೆಯ ಕಡೆಗೆ. ನಾನೂ ನೋಡದೆಯೇ ಒಂದು ತೆಗೆದುಕೊಳ್ಳುತ್ತಿದ್ದೆ. ಜಗಳ ಜಗಳವೇ, ಪೆಪ್ಪರಮಿಂಟ್ ಪೆಪ್ಪರಮಿಂಟೇ.

ಆ ಚರ್ಚೆಯ ಮೇಲೆ ಊರೆಲ್ಲ ಹಾಗೇ ಆಗಿಹೋಯಿತು, ಮಾರೆಡ್. ಅಂಗಡಿಯಲ್ಲಿ ಜನ ಮೊದಲು ಯಾರಿದ್ದಾರೆ ಎಂದು ನೋಡಿಕೊಂಡು ಆಮೇಲೆ ಮಾತಾಡುತ್ತಿದ್ದರು. ಒಬ್ಬೊಬ್ಬರ ಬೇಲಿಗೆ ಒಂದೊಂದು ಬಣ್ಣದ ಫಲಕ. ನನ್ನಂತೆ ಯೋಚಿಸುವವರು ನನ್ನ ಮನೆಗೆ ಬಂದು ನನ್ನದೇ ಮಾತನ್ನು ನನಗೇ ಹೇಳಿ ಹೋಗುತ್ತಿದ್ದರು. ಎರಡು ದಿನ ಹಿತವಾಗಿತ್ತು, ಮೂರನೆಯ ದಿನಕ್ಕೆ ಬೇಜಾರು ಬಂತು. ರೆಹೋಬೋತಿನಲ್ಲಿ ಮಾತ್ರ ಬೆರೆಸಿ ಕೂರಿಸಿದ್ದಾರೆ. ಬೆರ್ವಿನ್ ಯಾರಿಗೆ ಮತ ಹಾಕುತ್ತಾನೋ ಅವರನ್ನು ಕಂಡರೆ ನನಗಾಗದು. ಆದರೆ ನಾಲ್ಕು ದನಿಯ ಕೀರ್ತನೆಯಲ್ಲಿ ಕೆಳಗಿನ ದನಿ ಅವನದೊಂದೇ. ಅವನಿಗೆ ಜ್ವರ ಬಂದ ಭಾನುವಾರ ಕೀರ್ತನೆ ಎಷ್ಟು ಬಡವಾಗುತ್ತದೆ ಎಂಬುದನ್ನು ಕೇಳಿದವರಿಗೇ ಗೊತ್ತು. ಪೇಟೆಯ ಚಾಪೆಲಿನಲ್ಲಿ ಯಂತ್ರದಿಂದ ಸಂಗೀತ ಹಾಕುತ್ತಾರಂತೆ. ಅದಕ್ಕೆ ಜ್ವರ ಬರುವುದಿಲ್ಲ ನಿಜ, ಆದರೆ ಅದರ ಮೇಲೆ ಸಿಟ್ಟಾಗಿದ್ದೂ ಅದರ ಜೊತೆ ಹಾಡುವ ಭಾಗ್ಯ ಎಲ್ಲಿಂದ ಬರಬೇಕು?

ಇಷ್ಟರಲ್ಲಿ ನಮ್ಮ ಚುನಾವಣೆಯ ಭಾನುವಾರ ಹತ್ತಿರ ಬಂತು. ನಿನ್ನೆಯದೇ. ಅದರ ಹಿಂದಿನ ವಾರವಿಡೀ ಊರಿನಲ್ಲಿ ಗುಸುಗುಸು. ಬೆರ್ವಿನ್ ನನ್ನ ಬೇಲಿಯ ಹತ್ತಿರ ನಿಂತು, "ನೆಸ್ಟಾ, ಮರಿ ಹಾಕೋ ಕಾಲ ಇದು, ದಯವಿಟ್ಟು ನನ್ನ ಹೆಸ್ರು ಬರೀಬೇಡ" ಎಂದ. ಆರ್ಗನ್ ನುಡಿಸುವ ಮಿಸೆಸ್ ಪ್ರೀಸ್ ತನ್ನ ಸೊಂಟ ತೋರಿಸಿ ಅದನ್ನೇ ಹೇಳಿದಳು. ನಾನೇನು ಕಡಿಮೆಯೇ, ನನ್ನ ಮೊಣಕಾಲು ತೋರಿಸಿ ಇಬ್ಬರಿಗೂ ಹೇಳಿದೆ. ಶನಿವಾರ ಬೇಕರಿಯಲ್ಲಿ ಟೆಗ್ವೆನ್ ಎದುರಾದಳು. ಮೂರು ವಾರದಲ್ಲಿ ನನ್ನ ಜೊತೆ ಅವಳಾಡಿದ ಮೊದಲ ಮಾತು, "ನನ್ನ ಹೆಸ್ರು ಬರ್ದುಗಿರ್ದೀಯ ಮತ್ತೆ." ನಾನು, "ಬರೆಯೋಕೆ ನಂಗೇನು ತಲೆ ಕೆಟ್ಟಿದ್ಯಾ, ನೀನೂ ನಂದು ಬರೀಬೇಡ" ಎಂದೆ. ಇಬ್ಬರೂ ಆಣೆ ಹಾಕಿದಷ್ಟೇ ಗಟ್ಟಿಯಾಗಿ ಒಪ್ಪಿಕೊಂಡು ಬೇರೆ ಬೇರೆ ದಾರಿ ಹಿಡಿದೆವು. ಇಪ್ಪತ್ತೆರಡು ಜನವೂ ಉಳಿದ ಇಪ್ಪತ್ತೊಂದು ಜನರ ಹತ್ತಿರ ಹೀಗೇ ಬೇಡಿಕೊಂಡಿದ್ದಾರೆ ಎಂದು ನಮ್ಮಲ್ಲಿ ಯಾರ ತಲೆಗೂ ಹೊಳೆಯಲಿಲ್ಲ ನೋಡು. ಇಂಥ ಪೆದ್ದುತನ ಚಾಪೆಲಿನವರಿಗೇ ಮೀಸಲು.

ನಿನ್ನೆ ಮಂಡಲಿಯಿಂದ ಬಂದವರು ಒಬ್ಬ ವಯಸ್ಸಾದ ಪಾಸ್ಟರ್, ಇನ್ನೊಬ್ಬರು ಎಲೆರಿ ಎಂಬ ಹೆಂಗಸು. ಎಲೆರಿ ಮೊದಲು ಹೆಡ್‌ಮಿಸ್ ಆಗಿದ್ದವರಂತೆ, ಅವರು ನೋಡಿದರೇ ನಮಗೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ಚೀಟಿ ಹಂಚಿದರು, ಕಲೆಹಾಕಿಕೊಂಡು ಹಿಂದಿನ ಕೋಣೆಗೆ ಹೋದರು. ಬೇಗನೇ ವಾಪಸ್ ಬಂದರು. ಎಲೆರಿಯವರ ಮುಖ ನೋಡಿದರೆ ಏನೋ ಸರಿಯಾಗಿಲ್ಲ ಎಂದು ಗೊತ್ತಾಗುತ್ತಿತ್ತು.

"ಎಣಿಕೆ ಹೇಳೋ ಪದ್ಧತಿ ಇಲ್ಲ, ಆದ್ರೂ ಇವತ್ತು ಹೇಳ್ಬೇಕಾಗಿದೆ. ಹದಿನೇಳು ಚೀಟಿ ಖಾಲಿ. ಉಳಿದ ಐದರಲ್ಲೂ ಒಬ್ಬರದೇ ಹೆಸರಿದೆ" ಎಂದರು. ನಮಗೆಲ್ಲ ಸ್ವಲ್ಪ ಜೀವ ಬಂತು. "ಗ್ವಿಲಿಮ್ ಅವರದು. ಅವರು ಈ ಜವಾಬ್ದಾರಿ ವಹಿಸ್ಕೊಳ್ಳೋ ಸ್ಥಿತೀಲಿ ಇಲ್ಲ ಅನ್ನೋದು ನಿಮಗೆ ಗೊತ್ತಿದೆ ಅಂದ್ಕೊಳ್ತೀನಿ."

ಯಾರೂ ನಗಲಿಲ್ಲ. ಆಮೇಲೆ ಬೆರ್ವಿನ್ ಹಿಂದಿನಿಂದ, "ಅವ್ರೊಬ್ರೇ ನನ್ನ ಹೆಸ್ರು ಬರೀಬೇಡ ಅಂತ ಹೇಳ್ದೇ ಇದ್ದೋರು" ಎಂದ. ಆಗ ನಕ್ಕೆವು, ನಕ್ಕು ಮುಗಿದ ಮೇಲೆ ಎಲ್ಲರೂ ಖಾಲಿ ಪೀಠದ ಕಡೆ ನೋಡಿದೆವು. ಎಲೆರಿಯವರು, ಒಂದು ಕೀರ್ತನೆ ಹಾಡಿ, ಆಮೇಲೆ ಇನ್ನೊಂದು ಸಲ ಚೀಟಿ ಕೊಡುತ್ತೇವೆ, ಅದೂ ಹೀಗೇ ಆದರೆ ಈ ತಿಂಗಳ ಕೊನೆಗೆ ಬೀಗದ ಕೈ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ಕಠಿಣವಾಗಿ ಹೇಳಲಿಲ್ಲ. ಬೇಸರದಲ್ಲೇ ಹೇಳಿದರು.

ಹಾಡಲು ಎದ್ದೆವು. ನಾನು ಹಾಡದೆ ಕೇಳುತ್ತಾ ನಿಂತೆ. ಎಡಕ್ಕೆ ಟೆಗ್ವೆನಳ ದನಿ, ಹಿಂದಿನಿಂದ ಬೆರ್ವಿನನದು, ಮೇಲೆ ಮಿಸೆಸ್ ಪ್ರೀಸಳ ತಪ್ಪುತ್ತಾ ಒಪ್ಪುತ್ತಾ ಹೋಗುವ ಆರ್ಗನ್. ಇದು ಇನ್ನೊಂದು ಭಾನುವಾರಕ್ಕೆ ಮುಗಿಯುತ್ತದೆ ಎಂದು ಯೋಚಿಸಿದೆ. ಯಾಕೆ ಮುಗಿಯಬೇಕು? ನಾವು ಕೆಟ್ಟವರೆಂದಲ್ಲ, ನಂಬಿಕೆ ಕಳೆದುಕೊಂಡೆವೆಂದೂ ಅಲ್ಲ. ಇಪ್ಪತ್ತೆರಡು ಜನರಿಗೂ ಇದು ಬೇಕು, ಬೇಕು ಎಂದು ಹೇಳಲು ಮಾತ್ರ ನಾಚಿಕೆ. ಅದನ್ನು ನಾವು ವಿನಯ ಎಂದು ಕರೆದುಕೊಂಡು ಬಂದಿದ್ದೇವೆ. ಒಳಗೆ ಕೆದಕಿ ನೋಡಿದರೆ ಅದರಲ್ಲಿ ಅರ್ಧ ಪಾಲು, ಜನ ಏನೆನ್ನುತ್ತಾರೋ ಎಂಬ ಹೆದರಿಕೆ. ನನ್ನದರಲ್ಲಂತೂ ಮುಕ್ಕಾಲು ಪಾಲು.

ಕೀರ್ತನೆ ಮುಗಿದು ಎಲ್ಲರೂ ಕೂತರು. ನಾನು ಕೂರಲಿಲ್ಲ. ಟೆಗ್ವೆನ್ ನನ್ನ ಕೋಟು ಎಳೆದಳು, ಮರೆತು ನಿಂತಿದ್ದೇನೆ ಎಂದುಕೊಂಡಳೋ ಏನೋ.

"ನಂಗೆ ಬೇಕು" ಎಂದೆ. ದನಿ ನನಗೇ ಗುರುತು ಸಿಗಲಿಲ್ಲ. "ಆ ಪೀಠ ನಂಗೆ ಬೇಕು. ಮೊಣಕಾಲು ನೋವು ಅಂತ ಹೇಳಿದ್ದು ನಿಜ, ಆದ್ರೆ ಕೂರೋಕೆ ಮೊಣಕಾಲು ಅಡ್ಡಿ ಬರಲ್ಲ. ನಾನು ಪ್ರತಿ ಭಾನುವಾರ ಬರ್ತೀನಿ, ಕಾಯಿಲೆ ಬಿದ್ದೋರ ಮನೆಗೆ ಹೋಗ್ತೀನಿ, ಲೆಕ್ಕದಲ್ಲಿ ನಾನು ಮೋಸ ಮಾಡಲ್ಲ. ಇದ್ನ ಮುಚ್ಚೋಕೆ ನಂಗಿಷ್ಟ ಇಲ್ಲ. ನನ್ನ ಹೆಸ್ರು ಬರೀರಿ."

ಮಾರೆಡ್, ಗೋಡೆಗಳೇ ಕೆಮ್ಮಿದವು ಎಂದು ನನಗನ್ನಿಸಿತು. ಹೂವೆಲ್‌ಗಾಗಿದ್ದು ನೆನಪಾಯಿತು. ವಯಸ್ಸಾದ ಪಾಸ್ಟರ್ ಎಲೆರಿಯವರ ಕಡೆ ವಾಲಿ, "ಇದಕ್ಕೆ ಅವಕಾಶ ಇದ್ಯಾ?" ಎಂದು ಕೇಳಿದ್ದು ಇಡೀ ಚಾಪೆಲಿಗೆ ಕೇಳಿಸಿತು. ಎಲೆರಿಯವರು, "ಕೂಡದು ಅಂತ ಎಲ್ಲೂ ಇಲ್ಲ" ಎಂದರು. ನೀಲಿ ಸೂಟಿನವನ ಮುಖ ನನ್ನ ಕಣ್ಣ ಮುಂದೆ ಬಂತು. ಎದ್ದು ನಿಂತು ನನ್ನನ್ನು ಆರಿಸಿ ಎನ್ನುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಅವನ ಬಾಯಿಂದ ಬಂದ ಮಾತು ಈಗಲೂ ನನಗೊಪ್ಪಿಗೆ ಇಲ್ಲ, ಅವನಿಗೆ ಮತವನ್ನೂ ಹಾಕುವುದಿಲ್ಲ. ಆದರೆ ಹಾಗೆ ಎದ್ದು ನಿಂತದ್ದಕ್ಕೆ ಇನ್ನು ಮೇಲೆ ಆಡಿಕೊಳ್ಳುವುದಿಲ್ಲ.

ಕೂರಬೇಕೆಂದಿದ್ದೆ. ಪಕ್ಕದಿಂದ ಟೆಗ್ವೆನ್ ಎದ್ದಳು. "ಅಭ್ಯರ್ಥಿಗೆ ಒಂದು ಪ್ರಶ್ನೆ ಕೇಳ್ಬೋದಾ?" ಎಂದಳು. ನನ್ನ ಕಡೆ ನೋಡದೆ ಎಲೆರಿಯವರನ್ನೇ ಕೇಳಿದಳು. ಅವರು ಕೇಳಿ ಎಂದರು. ಆಗ ನನ್ನ ಕಡೆ ತಿರುಗಿದಳು.

"ಹಳೇ ಬ್ಯಾಂಕ್ ಮನೇಲಿರೋ ಆ ತಾಯಿ ಕ್ರಿಶ್ಚಿಯನ್ನಂತೆ. ಭಾನುವಾರ ಎಲ್ಲಿಗೆ ಹೋಗ್ಬೇಕು ಅಂತ ನನ್ನ ಕೇಳಿದ್ಲು, ನಂಗೆ ಉತ್ತರ ಹೇಳೋಕೆ ಗೊತ್ತಾಗ್ಲಿಲ್ಲ. ಇಲ್ಲಿ ಎಲ್ಲರ ಬೆಂಚೂ ಅಜ್ಜಂದಿರ ಕಾಲದಿಂದ ಗೊತ್ತು ಮಾಡಿಟ್ಟಿದ್ದು. ನೀನು ಹಿರಿಯಳಾದ್ರೆ ಅವ್ರನ್ನ ಎಲ್ಲಿ ಕೂರಿಸ್ತೀಯ, ನೆಸ್ಟಾ?"

ಅವಳು ಸೋಲಿಸಲು ಕೇಳಿದಳೋ ಗೆಲ್ಲಿಸಲು ಕೇಳಿದಳೋ ಇವತ್ತಿಗೂ ಗೊತ್ತಿಲ್ಲ. ನಾನು ಯೋಚಿಸಲೂ ಇಲ್ಲ. "ನಾನು ಅಲ್ಲಿ ಮುಂದೆ ಹೋದ್ರೆ ನನ್ನ ಜಾಗ ಖಾಲಿ ಆಗುತ್ತಲ್ಲ" ಎಂದೆ. "ನಿನ್ನ ಪಕ್ಕದಲ್ಲಿ."

ಟೆಗ್ವೆನ್ ತುಟಿ ಬಿಗಿಹಿಡಿದಳು. ಅವಳು ನಗು ತಡೆಯುವಾಗ ಹಾಗೇ ಮಾಡುವುದು, ನಿನಗೆ ಗೊತ್ತು. "ಪೆಪ್ಪರಮಿಂಟ್ ತಿನ್ನೋರಾದ್ರೆ ನಂದೇನೂ ಅಡ್ಡಿ ಇಲ್ಲ" ಎಂದು ಕೂತಳು.

ಅಷ್ಟಾದ ಮೇಲೆ ಕಟ್ಟೆ ಒಡೆದ ಹಾಗಾಯಿತು. ಬೆರ್ವಿನ್ ಹೀಟರ್ ಬಗ್ಗೆ ಕೇಳಿದ. ಆಗಲ್ಲ, ಕೋಟು ಹಾಕ್ಕೊಂಡು ಬಾ ಎಂದೆ. ಮಿಸೆಸ್ ಪ್ರೀಸ್, ಆರು ಚರಣಕ್ಕಿಂತ ಉದ್ದದ ಕೀರ್ತನೆ ಕೊಡದಂತೆ ಪಾಸ್ಟರಿಗೆ ಹೇಳುತ್ತೀಯಾ ಎಂದಳು. ಖಂಡಿತ ಎಂದೆ, ಪಾರಿಯವರು ನೆಲ ನೋಡಿದರು. ಒಬ್ಬರು, ಇದೇನು ಸಂತೆಯೇ ಎಂದು ಸಿಟ್ಟಾದರು. ಅದೂ ನ್ಯಾಯವೇ. ಆಮೇಲೆ ಎಲೆರಿಯವರು ಕೈ ಎತ್ತಿ ಸುಮ್ಮನಾಗಿಸಿ, ಒಂದು ಚಿಕ್ಕ ಪ್ರಾರ್ಥನೆ ಮಾಡಿ ಎರಡನೆಯ ಸಲದ ಚೀಟಿ ಹಂಚಿದರು. ಈ ಸಲ ಒಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಎರಡು ಸಲ ಎಣಿಸುತ್ತಿದ್ದರು ಎಂದು ಕಾಣುತ್ತದೆ. ಟೆಗ್ವೆನ್ ಕೇಳದೆಯೇ ನನ್ನ ಅಂಗೈಯಲ್ಲಿ ಎರಡು ಪೆಪ್ಪರಮಿಂಟ್ ಇಟ್ಟಳು.

ಒಂದೇ ಹೆಸರು ಓದಿದರು, ಮಗಳೇ. ನನ್ನದು.

ಚಾಪೆಲ್ ಉಳಿಯಿತು. ಇದೇ ನೀನು ಕೇಳಿದ ಒಂದು ಮಾತು.

ಪಾರಿಯವರು ಕಟಕಟೆಯ ಬಾಗಿಲು ತೆರೆದು ಕೈ ತೋರಿಸಿದರು. ಹೋಗಿ ದೊಡ್ಡ ಪೀಠದಲ್ಲಿ ಕೂತೆ. ಅದನ್ನು ಕಲ್ಲು ಗಣಿಯ ಗಂಡಸರ ಅಳತೆಗೆ ಮಾಡಿಸಿದ್ದಂತೆ, ನನ್ನ ಕಾಲು ನೆಲಕ್ಕೆ ಎಟುಕಲಿಲ್ಲ. ನೇತಾಡುವ ಕಾಲು ಮುಚ್ಚಲು ಸ್ಕರ್ಟ್ ಎಳೆದುಕೊಂಡು ತಲೆ ಎತ್ತಿದರೆ ಅವರೆಲ್ಲರ ಮುಖ. ಎಷ್ಟೋ ವರ್ಷದಿಂದ ನೋಡಿದ್ದು ಬರೀ ತಲೆಯ ಹಿಂಭಾಗ, ಟೋಪಿ, ಕಾಲರು. ಮುಖಗಳನ್ನು ಹೀಗೆ ಒಟ್ಟಿಗೆ ನೋಡಿದ್ದೇ ಇಲ್ಲ. ಇನ್ನೊಂದು ಕೀರ್ತನೆ ಶುರುವಾದಾಗ ಕಂಡೆ, ಬೆರ್ವಿನ್ ಹಾಡುವಾಗ ಕಣ್ಣು ಮುಚ್ಚುತ್ತಾನೆ. ಮಿಸೆಸ್ ಪ್ರೀಸ್ ನಾಲಗೆ ಕಚ್ಚಿಕೊಂಡು ನುಡಿಸುತ್ತಾಳೆ. ಇವರು ಯಾವ ಪಕ್ಷಕ್ಕೆ ಮತ ಹಾಕುತ್ತಾರೆ ಎಂಬುದು ಅಲ್ಲಿಂದಲೂ ನನಗೆ ನೆನಪಿತ್ತು, ಮರೆತೆ ಎಂದರೆ ಸುಳ್ಳಾಗುತ್ತದೆ. ಆದರೂ ಎಲ್ಲರ ಮೇಲೂ ಅಕ್ಕರೆ ಬಂತು. ಸುಖವಾಯಿತು ಮಾರೆಡ್, ಬಹಳ ಸುಖವಾಯಿತು.

ಹೊರಗೆ ಬಂದ ಮೇಲೆ ಟೆಗ್ವೆನ್ ನನ್ನ ಜೊತೆ ಇಳಿಜಾರಿನ ತನಕ ನಡೆದಳು. ದೇಶದ ಚುನಾವಣೆಯ ವಿಷಯ ಇಬ್ಬರೂ ಎತ್ತಲಿಲ್ಲ, ಅದು ಇನ್ನೂ ನಮ್ಮ ನಡುವೆ ಹಾಗೇ ಇದೆ. ಅದು ಒಂದು ದಿನಕ್ಕೆ ಕರಗುವಂಥದ್ದಲ್ಲ. "ನಿನ್ನ ಹೆಸ್ರು ಬರ್ದೆನೋ ಇಲ್ವೋ ಅಂತ ಮಾತ್ರ ಕೇಳ್ಬೇಡ, ಅದು ಗುಟ್ಟು" ಎಂದಳು. ಕೇಳಲಿಲ್ಲ. ತಿರುವಿನಲ್ಲಿ ನಿಂತು, "ನಾಳೆ ಹನ್ನೊಂದಕ್ಕೆ ಬಾ, ಹಳೇ ಬ್ಯಾಂಕ್ ಮನೆಗೆ ಹೋಗೋಣ. ಬರಿಗೈಲಿ ಬರ್ಬೇಡ" ಎಂದಳು. ಇವತ್ತು ಹೋಗಿ ಬಂದೆ. ಆ ತಾಯಿಯ ಹೆಸರು ಸೆಲಾಮ್. ಕಾಫಿ ಬೀಜವನ್ನು ನಮ್ಮ ಮುಂದೆಯೇ ಹುರಿದು ಮೂರು ಸುತ್ತು ಕುಡಿಸಿದಳು, ನನಗೆ ಇವತ್ತು ನಿದ್ದೆ ಬಂದ ಹಾಗೆಯೇ. ಭಾನುವಾರ ಬರುತ್ತಾಳಂತೆ. ಅವಳ ಚಿಕ್ಕ ಮಗಳು ಟೆಗ್ವೆನಳ ಪೊಟ್ಟಣ ಆಗಲೇ ಅರ್ಧ ಖಾಲಿ ಮಾಡಿದ್ದಾಳೆ.

ಮೇ ತಿಂಗಳಲ್ಲಿ ಮತ ಹಾಕಿದ ಮಾರನೆಯ ದಿನ ನೀನು ಬರುತ್ತೇನೆಂದು ಹೇಳಿದ್ದೀಯ. ಭಾನುವಾರದವರೆಗೂ ಉಳಿದುಕೋ. ನನ್ನನ್ನು ಆ ಪೀಠದಲ್ಲಿ ನೋಡಿ ನಗಬೇಕಿದ್ದರೆ ಹಿಂದಿನ ಸಾಲಿನಲ್ಲಿ ಕೂತು ನಗು. ತೂಕಡಿಸಿದರೆ ಮಾತ್ರ ನನಗೆ ಕಾಣುತ್ತದೆ, ನೆನಪಿರಲಿ.

ನಿನ್ನನ್ನು ದೇವರು ಕಾಪಾಡಲಿ, ಬೆಚ್ಚಗಿರು.

ನಿನ್ನ ಅಮ್ಮ,
ನೆಸ್ಟಾ

ಮರೆತದ್ದು: ನೀನೇನೂ ಬಿಡುವವಳಲ್ಲ, ಕೇಳಿಯೇ ಕೇಳುತ್ತೀಯ, ಅದಕ್ಕೆ ಈಗಲೇ ಬರೆದುಬಿಡುತ್ತೇನೆ. ಮೊದಲ ಸಲದ ನನ್ನ ಚೀಟಿ ಖಾಲಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ತುಂಬ ಹೊತ್ತು ಕೂತೆ. ಇಷ್ಟು ವರ್ಷದಲ್ಲಿ ರೆಹೋಬೋತಿನಲ್ಲಿ ಯಾರೂ ಮಾಡಿರಲಾರದ ಕೆಲಸ ಅದು. ಆದರೆ ನಾನು ತಕ್ಕವಳು ಎಂದು ಎಲ್ಲರ ಮುಂದೆ ಹೇಳಿ, ಚೀಟಿಯಲ್ಲಿ ಇನ್ನೊಬ್ಬರ ಹೆಸರು ಬರೆದರೆ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತಲ್ಲ. ನನ್ನ ಹೆಸರನ್ನೇ ಬರೆದೆ, ದಪ್ಪಕ್ಷರದಲ್ಲಿ. ಎಷ್ಟು ಮತ ಬಂತೆಂದು ಎಲೆರಿಯವರು ಹೇಳಲಿಲ್ಲ, ಚೀಟಿಗಳು ಒಲೆಯಲ್ಲಿ ಬೂದಿಯಾದವು. ಆ ಒಂದು ಇಲ್ಲದಿದ್ದರೆ ಬಾಗಿಲು ಮುಚ್ಚುತ್ತಿತ್ತೋ ಏನೋ, ಅದು ನನಗೆ ಎಂದಿಗೂ ಗೊತ್ತಾಗುವುದಿಲ್ಲ. ಟೆಗ್ವೆನ್‌ಗೆ ಹೇಳಬೇಡ.